ಫೈನ್ ಕಟ್ಟಿ ಬಂದ ಹುಡುಗ

ಯುಗಾದಿಯ ಮಾರನೆಯ ದಿನ, ಹೊಸತೊಡಕು. 2019ರ ಏಪ್ರಿಲ್ 7, ಭಾನುವಾರ. ಚನ್ನಪಟ್ಟಣ ತಾಲ್ಲೂಕಿನ ಒಂದು ಊರಿನ ಕೆರೆ ಏರಿಯ ಕೆಳಗೆ, ಹುಣಸೆ ಮರದಡಿ ನೀವು ನಿಂತಿದ್ದೀರಿ. ಬೆಳಗಿನ ಜಾವ ಗುಡ್ಡೆ ಹಾಕಿ ಹಂಚಿಕೊಂಡ ಬಾಡು ಮಧ್ಯಾಹ್ನಕ್ಕೆ ಸಾರಾಗಿ, ಮುದ್ದೆಯ ಜೊತೆ ಖಾಲಿಯೂ ಆಗಿದೆ. ಹೆಂಗಸರು ಪಾತ್ರೆ ಬೆಳಗುತ್ತಿದ್ದಾರೆ. ಗಂಡಸರು ಇಲ್ಲಿ ಸೇರಿದ್ದಾರೆ. ಹಳೆಯ ಜಮಖಾನದ ಮೇಲೆ ಅಂದರ್ ಬಾಹರ್ ಜೋರಾಗಿದೆ. ಈ ಸೀಮೆಯಲ್ಲಿ ಯುಗಾದಿಗೆ ಎಲೆ ಆಡುವುದನ್ನು ಅಪರಾಧವೆಂದು ಎಣಿಸುವವರು ಕಡಿಮೆ. ವರ್ಷವಿಡೀ ಇಸ್ಪೀಟು ಮುಟ್ಟದವರೂ ಅವತ್ತು ಒಂದು ಆಟಕ್ಕೆ ಕೂರುತ್ತಾರೆ.

ಜಮಖಾನದ ಅಂಚಿನಲ್ಲಿ ಕೂತ ಇಬ್ಬರು ಹುಡುಗರನ್ನು ನೋಡಿಕೊಳ್ಳಿ. ದೊಡ್ಡಪ್ಪ ಚಿಕ್ಕಪ್ಪನ ಮಕ್ಕಳು. ಅಣ್ಣನಿಗೆ ಹದಿನೆಂಟು ತುಂಬಿ ಎರಡು ತಿಂಗಳಾಗಿದೆ. ತಮ್ಮನಿಗೆ ಹದಿನೆಂಟಾಗಲು ಇನ್ನೂ ನಾಲ್ಕು ತಿಂಗಳು ಬೇಕು. ಇವರ ಹೆಸರು ಹೇಳುವುದಿಲ್ಲ, ಹೇಳುವುದಕ್ಕೆ ಹೆಸರೂ ಇಲ್ಲ: ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಯ ಯಾವ ಊರಲ್ಲಾದರೂ ಸಿಗುವಂಥ ಹುಡುಗರನ್ನು ಕೂಡಿಸಿ ಮಾಡಿಕೊಂಡ ಇಬ್ಬರು ಇವರು. ಇವರ ಮೇಲೆ ಬೀಳುವ ಕಾನೂನು ಮಾತ್ರ ಅಕ್ಷರಶಃ ನಿಜ.

ಜೀಪನ್ನು ದೂರದಲ್ಲೇ ನಿಲ್ಲಿಸಿ ಪೊಲೀಸರು ನಡೆದೇ ಬಂದಿದ್ದಾರೆ. ಒಂದು ಕ್ಷಣದಲ್ಲಿ ಮರದಡಿ ಧೂಳೋ ಧೂಳು. ವರ್ಷಾವರಿ ಆಡಿ ಪಳಗಿದವರು ಕಬ್ಬಿನ ಗದ್ದೆಯಲ್ಲಿ ಮಾಯವಾಗುತ್ತಾರೆ. ಸಿಕ್ಕಿಬೀಳುವವರು ಓಡುವುದನ್ನು ಕಲಿಯದವರು. ಪಂಚರ ಸಮಕ್ಷಮದಲ್ಲಿ ಐವತ್ತೆರಡು ಎಲೆ, ಪಣದ ಹಣ, ಒಂದು ಜಮಖಾನ ಜಪ್ತಿಯಾಗುತ್ತವೆ. ಕರ್ನಾಟಕ ಪೊಲೀಸ್ ಕಾಯ್ದೆ 1963, ಕಲಂ 87: ಸಾರ್ವಜನಿಕ ಸ್ಥಳದಲ್ಲಿ ಜೂಜು.

ಠಾಣೆಯ ಹೊಸ್ತಿಲಲ್ಲೇ ಅಣ್ಣ ತಮ್ಮಂದಿರ ದಾರಿ ಕವಲಾಗುತ್ತದೆ. ತಮ್ಮನ ತಾಯಿ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿದ ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಹಿಡಿದು ಓಡಿಬಂದಿದ್ದಾರೆ. ಅದರಲ್ಲಿರುವ ಜನ್ಮದಿನಾಂಕವೇ ಈಗ ಎಲ್ಲ. ಬಾಲ ನ್ಯಾಯ ಕಾಯ್ದೆ 2015ರ ಪ್ರಕಾರ ಹದಿನೆಂಟು ತುಂಬದವನನ್ನು ಲಾಕಪ್ಪಿಗೆ ಹಾಕುವಂತಿಲ್ಲ, ಕೋಳ ತೊಡಿಸುವಂತಿಲ್ಲ. ಠಾಣೆಯಲ್ಲಿರುವ ಮಕ್ಕಳ ಕಲ್ಯಾಣ ಪೊಲೀಸ್ ಅಧಿಕಾರಿ ಅವನನ್ನು ನೋಡಿಕೊಳ್ಳಬೇಕು, ಇಪ್ಪತ್ನಾಲ್ಕು ಗಂಟೆಯೊಳಗೆ ಬಾಲ ನ್ಯಾಯ ಮಂಡಳಿಯ ಮುಂದೆ ಹಾಜರುಪಡಿಸಬೇಕು. ಒಬ್ಬನೇ ಸಣ್ಣ ತಪ್ಪು ಮಾಡಿದ್ದರೆ ಅವನ ಮೇಲೆ ಎಫ್‌ಐಆರ್ ಕೂಡ ಬೇಕಿರಲಿಲ್ಲ, ಠಾಣೆಯ ದಿನಚರಿಯಲ್ಲಿ ಬರೆದು, ಮನೆಯ ಸ್ಥಿತಿಗತಿಯ ವರದಿ ಕಳಿಸಿದರೆ ಸಾಕಿತ್ತು. ದೊಡ್ಡವರ ಜೊತೆ ಸಿಕ್ಕಿದ್ದರಿಂದ ಎಫ್‌ಐಆರ್ ಆಗಿದೆ. ಆದರೂ ದೊಡ್ಡವರ ಜೊತೆ ಅವನ ವಿಚಾರಣೆ ನಡೆಯುವಂತಿಲ್ಲ.

ಅಣ್ಣನಿಗೆ ಇದಾವುದೂ ಇಲ್ಲ. ಠಾಣೆಯಲ್ಲೇ ಜಾಮೀನು, ಮುಚ್ಚಳಿಕೆಗೆ ಸಹಿ, ಮನೆಗೆ ನಡೆ. ಅವತ್ತಿನ ಮಟ್ಟಿಗೆ ಅಣ್ಣನೇ ಅದೃಷ್ಟವಂತ ಅನ್ನಿಸುತ್ತದೆ.

ಜುಲೈ. ತಮ್ಮನ ಜೊತೆ ರಾಮನಗರಕ್ಕೆ ಬನ್ನಿ. ತಾಯಿ ಒಂದೇ ಬಸ್ಸಿನ ಖರ್ಚಿನಲ್ಲಿ ಎರಡು ಕೆಲಸ ಇಟ್ಟುಕೊಂಡಿದ್ದಾರೆ. ಬೆಳಿಗ್ಗೆ ಗೂಡು ಮಾರುಕಟ್ಟೆ, ಆಮೇಲೆ ಮಂಡಳಿ. ಏಷ್ಯಾದಲ್ಲೇ ದೊಡ್ಡದೆಂದು ಹೆಸರಾದ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ರೇಟು ಸಿಕ್ಕಿದ್ದು ಕಡಿಮೆಯಾಯಿತೆಂದು ಆಕೆ ದಾರಿಯುದ್ದಕ್ಕೂ ಗೊಣಗುತ್ತಾರೆ. ಹುಡುಗ ಮಾತಾಡುವುದಿಲ್ಲ.

ಮಂಡಳಿಯ ಬಾಗಿಲಲ್ಲಿ ನೀವು ನಿಲ್ಲಬೇಕು. ಒಳಗಿನ ಕಲಾಪ ಎಲ್ಲರಿಗೂ ತೆರೆದದ್ದಲ್ಲ. ಒಬ್ಬರು ಮ್ಯಾಜಿಸ್ಟ್ರೇಟರು, ಇಬ್ಬರು ಸಮಾಜ ಕಾರ್ಯಕರ್ತರು, ಆ ಇಬ್ಬರಲ್ಲಿ ಒಬ್ಬರಾದರೂ ಮಹಿಳೆ: ಇಷ್ಟು ಜನರ ಮುಂದೆ ಹುಡುಗ ಕುರ್ಚಿಯ ಮೇಲೆ ಕೂರುತ್ತಾನೆ, ಕಟಕಟೆಯಲ್ಲಿ ಅಲ್ಲ. ಸಣ್ಣ ಅಪರಾಧದ ವಿಚಾರಣೆ ನಾಲ್ಕು ತಿಂಗಳಲ್ಲಿ ಮುಗಿಯಬೇಕು. ಹೆಚ್ಚೆಂದರೆ ಇನ್ನೆರಡು ತಿಂಗಳು. ಆಗಲೂ ಮುಗಿಯದಿದ್ದರೆ ಕೇಸು ತಾನಾಗಿಯೇ ಕೊನೆಗೊಳ್ಳುತ್ತದೆ. ಬುದ್ಧಿ ಹೇಳಿ ಮನೆಗೆ ಕಳಿಸುವುದೂ ಒಂದು ಆದೇಶವೇ. ಅರ್ಧ ಗಂಟೆಯಲ್ಲಿ ಹುಡುಗ ಆಚೆ ಬರುತ್ತಾನೆ. "ಏನಂದ್ರು ಮಗ?" "ಓದ್ಕೊ ಅಂದ್ರು."

ಅವನಿಗೆ ಗೊತ್ತಿಲ್ಲದ ಸಂಗತಿಯೊಂದು ಬಾಲ ನ್ಯಾಯ ಕಾಯ್ದೆಯ 24ನೇ ಕಲಮಿನಲ್ಲಿದೆ. ಈ ತಪ್ಪಿನಿಂದ ಅವನಿಗೆ ಯಾವ ಅನರ್ಹತೆಯೂ ಅಂಟುವುದಿಲ್ಲ. ದಾಖಲೆ ನಾಶಪಡಿಸುವಂತೆ ಮಂಡಳಿ ಆದೇಶ ಮಾಡಬೇಕು. 2016ರ ಮಾದರಿ ನಿಯಮಗಳು ಅವಧಿಯನ್ನೂ ಹೇಳುತ್ತವೆ: ಮೇಲ್ಮನವಿಯ ಕಾಲ ಮುಗಿಯುವವರೆಗೆ ಅಥವಾ ಏಳು ವರ್ಷ, ಅದಕ್ಕಿಂತ ಒಂದು ದಿನವೂ ಹೆಚ್ಚಿಲ್ಲ. ಹದಿನಾರು ದಾಟಿ ಘೋರ ಅಪರಾಧ ಮಾಡಿ, ಮಕ್ಕಳ ನ್ಯಾಯಾಲಯದಲ್ಲಿ ವಯಸ್ಕರಂತೆ ವಿಚಾರಣೆಗೆ ಒಳಗಾದವರಿಗೆ ಮಾತ್ರ ಈ ರಿಯಾಯಿತಿ ಇಲ್ಲ. ಕಲಂ 74 ಇನ್ನೂ ಮುಂದೆ ಹೋಗುತ್ತದೆ: ಮುಗಿದುಹೋದ ಇಂಥ ಪ್ರಕರಣವನ್ನು ನಡತೆ ಪ್ರಮಾಣಪತ್ರಕ್ಕಾಗಿಯೂ ಪೊಲೀಸರು ಬಹಿರಂಗಪಡಿಸುವಂತಿಲ್ಲ. ಹುಡುಗನ ಗುರುತು ಬಯಲು ಮಾಡಿದವರಿಗೆ ಆರು ತಿಂಗಳವರೆಗೆ ಸಜೆ ಇಲ್ಲವೆ ಎರಡು ಲಕ್ಷದವರೆಗೆ ದಂಡ, ಅಥವಾ ಎರಡೂ.

ಈಗ ಅಣ್ಣನ ಕಡೆ. ಅವನ ವಾಯಿದೆ ಸೆಪ್ಟೆಂಬರ್ ಮೊದಲ ವಾರದಲ್ಲಿತ್ತು. ಆದರೆ ಆ ವಾರ ಬಸ್ಸೇ ಇಲ್ಲ. ಸೆಪ್ಟೆಂಬರ್ 3ರಂದು ಜಾರಿ ನಿರ್ದೇಶನಾಲಯ ದಿಲ್ಲಿಯಲ್ಲಿ ಕನಕಪುರದ ಶಾಸಕ ಡಿ.ಕೆ. ಶಿವಕುಮಾರ್ ಅವರನ್ನು ಬಂಧಿಸಿದೆ. ಮರುದಿನದ ಕನಕಪುರವನ್ನು ಒಮ್ಮೆ ನೋಡಿ ಬನ್ನಿ. ಅಂಗಡಿಗಳ ಷಟರ್ ಇಳಿದಿದೆ, ರಸ್ತೆಯಲ್ಲಿ ಟಯರು ಹೊಗೆಯಾಡುತ್ತಿದೆ, ಸರ್ಕಾರಿ ಬಸ್ಸಿನ ಗಾಜಿನ ಚೂರು ಚಪ್ಪಲಿಯಡಿ ಕರಕರ ಅನ್ನುತ್ತದೆ. ಕಲ್ಲೆಸೆದವರಲ್ಲಿ ನಮ್ಮ ಅಣ್ಣನ ವಯಸ್ಸಿನವರೂ ಇದ್ದಾರೆ, ಎರಡು ಮೂರು ವರ್ಷ ಹಿಂದೆ ಮುಂದೆ. ಅವರ ಮೇಲೂ ಕೇಸುಗಳಾಗುತ್ತವೆ. ಅವುಗಳ ಸುದ್ದಿಗೆ ಆಮೇಲೆ ಬರೋಣ.

ಮುಂದೂಡಿದ ವಾಯಿದೆಯ ದಿನ ಚನ್ನಪಟ್ಟಣದ ನ್ಯಾಯಾಲಯದ ಜಗಲಿಯಲ್ಲಿ ಅಣ್ಣನ ಪಕ್ಕ ನಿಮಗೂ ಜಾಗವಿದೆ. ಬೆಳಿಗ್ಗೆ ಹತ್ತೂವರೆಗೆ ಬಂದಿದ್ದೀರಿ. ಹೆಲ್ಮೆಟ್ ಇಲ್ಲದೆ ಸಿಕ್ಕವರು, ಜಮೀನು ಬದುವಿಗೆ ಬಡಿದಾಡಿದವರು, ಚೆಕ್ ಬೌನ್ಸಿನವರು, ವಾರೆಂಟಿಗೆ ಹೆದರಿ ಬಂದವರು, ಎಲ್ಲರೂ ಒಂದೇ ಬೆಂಚಿನಲ್ಲಿ. ಅಣ್ಣನ ಸೋದರಮಾವ ಕಿವಿಯಲ್ಲಿ ಹೇಳುತ್ತಾರೆ:

"ಕೇಳ್ದಾಗ ತಪ್ಪಾಯ್ತು ಸ್ವಾಮಿ ಅಂದ್ಬುಡು. ಫೈನ್ ಬಿಸಾಕಿ ಮನೆಗೆ ಹೋಗವ. ವಾಯ್ದೆ ವಾಯ್ದೆಗೂ ಕೆಲ್ಸ ಬುಟ್ಟು ಬರೋರ್ಯಾರ್ಲಾ?"

"ಮುಂದಕ್ಕೇನೂ ತೊಂದ್ರೆ ಆಗಾಕಿಲ್ವ ಮಾವ?"

"ಏನೂ ಆಗಾಕಿಲ್ಲ. ಊರಲ್ಲಿ ಯಾರ್ ಕಟ್ಟಿಲ್ಲ ಹೇಳು ಫೈನ?"

ಮಾವನ ಮಾತು ದಡ್ಡತನದ್ದಲ್ಲ. ಒಂದು ವಾಯಿದೆಗೆ ಒಂದು ದಿನದ ಕೂಲಿ ಹೋಗುತ್ತದೆ, ಬಸ್ಸಿನ ಚಾರ್ಜು, ಲಾಯರ ಫೀಸು, ಕ್ಯಾಂಟೀನಿನ ಊಟ ಬೇರೆ. ಕೇಸು ನಡೆಸುವುದಕ್ಕಿಂತ ದಂಡ ಕಟ್ಟುವುದು ಅಗ್ಗ. ಮ್ಯಾಜಿಸ್ಟ್ರೇಟರ ಮೇಜಿನ ಮೇಲಿನ ಕಟ್ಟು ಕಟ್ಟು ಫೈಲುಗಳಿಗೂ ಅದೇ ಅನುಕೂಲ. ಠಾಣೆಗೂ ಅದೇ ಅನುಕೂಲ, ಕೇಸು ಗೆದ್ದ ಲೆಕ್ಕ. ಲೋಕ ಅದಾಲತ್ತಿನ ದಿನ ಇಂಥವು ಸಾಲುಗಟ್ಟಿ ವಿಲೇವಾರಿಯಾಗುತ್ತವೆ. ಎಲ್ಲರಿಗೂ ಅನುಕೂಲವಾದ ಈ ವ್ಯವಸ್ಥೆಯಲ್ಲಿ ನಷ್ಟ ಅನುಭವಿಸುವವನು ಒಬ್ಬನೇ, ಅವನಿಗೆ ಅದು ತಿಳಿಯುವುದು ವರ್ಷಗಳಾದ ಮೇಲೆ.

ದಲಾಯತರು ಹೆಸರು ಕೂಗುತ್ತಾರೆ. ಅಣ್ಣ ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋಗುತ್ತಾನೆ; ಬಿಡಬೇಕೆಂದು ಯಾರೂ ಹೇಳಿಲ್ಲ. ಆಪಾದನೆಯನ್ನು ಓದಿ ಹೇಳುತ್ತಾರೆ. "ಒಪ್ತೀಯಾ?" "ಒಪ್ತೀನಿ ಸ್ವಾಮಿ." ಬೆಂಚ್ ಕ್ಲರ್ಕ್ ಬರೆದುಕೊಳ್ಳುತ್ತಾರೆ. ಮುಂದಿನ ಹೆಸರು ಆಗಲೇ ಕೂಗಿಯಾಯಿತು. ಕೌಂಟರಿನಲ್ಲಿ ದಂಡ, ಕೈಯಲ್ಲಿ ರಸೀದಿ, ಎದುರಿನ ಅಂಗಡಿಯಲ್ಲಿ ಮಾವನ ದುಡ್ಡಿನಲ್ಲಿ ಟೀ. ಅಣ್ಣ ನಗುತ್ತಿದ್ದಾನೆ. ಕಾನೂನಿನ ಲೆಕ್ಕದಲ್ಲಿ ಅವನೀಗ ಶಿಕ್ಷೆಯಾದ ಅಪರಾಧಿ. ಈ ವಿಷಯ ಅವನಿಗೆ ಹೇಳುವ ಹೊಣೆ ಯಾರದೂ ಅಲ್ಲ.

ಆ ಒಂದು ನಿಮಿಷದಲ್ಲಿ ಆಗದೇ ಹೋದದ್ದು ಏನೇನು? 1958ರಿಂದಲೂ ನಮ್ಮಲ್ಲಿ ಅಪರಾಧಿಗಳ ಪರಿವೀಕ್ಷಣಾ ಕಾಯ್ದೆ ಇದೆ, ಕೋರ್ಟಿನವರ ಬಾಯಲ್ಲಿ ಪ್ರೊಬೇಷನ್ ಆಕ್ಟ್. ಮೊದಲ ಸಲ ಸಣ್ಣ ತಪ್ಪು ಮಾಡಿದವನಿಗೆ ದಂಡ, ಸಜೆ ಯಾವುದೂ ಇಲ್ಲದೆ ಎಚ್ಚರಿಕೆ ಕೊಟ್ಟು ಬಿಡಬಹುದು ಎನ್ನುತ್ತದೆ ಅದರ 3ನೇ ಕಲಂ. ಹಾಗೆ ಬಿಡುಗಡೆಯಾದವನಿಗೆ ಆ ಶಿಕ್ಷೆಯ ಕಾರಣದಿಂದ ಅನರ್ಹತೆ ಬರುವುದಿಲ್ಲ ಎನ್ನುತ್ತದೆ 12ನೇ ಕಲಂ. ಇಪ್ಪತ್ತೊಂದು ತುಂಬದವರನ್ನು ಜೈಲಿಗೆ ಕಳಿಸದಿರಲು ನ್ಯಾಯಾಲಯ ಮೊದಲು ಯೋಚಿಸಬೇಕು ಎನ್ನುತ್ತದೆ 6ನೇದು. ಅರವತ್ತು ವರ್ಷ ಹಳೆಯ ಈ ಕಾಯ್ದೆ ಅಣ್ಣನಿಗೆಂದೇ ಬರೆದಂತಿತ್ತು. ಕೇಳುವವರು ಇರಲಿಲ್ಲ. ವಕೀಲರಿಲ್ಲದವನಿಗೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ವಕೀಲರನ್ನು ಕೊಡುತ್ತದೆ; ಅದೂ ಗೊತ್ತಿರಲಿಲ್ಲ.

ಇನ್ನೂ ಒಂದಿದೆ, ಹೇಳಿದರೆ ಹೊಟ್ಟೆ ಉರಿಯುತ್ತದೆ. 2021ರಲ್ಲಿ ಪೊಲೀಸ್ ಕಾಯ್ದೆಗೆ ತಿದ್ದುಪಡಿ ಬರುವ ಮೊದಲು ಇಂಥ ಜೂಜಿನ ಕೇಸನ್ನು ಮ್ಯಾಜಿಸ್ಟ್ರೇಟರ ಅನುಮತಿ ಇಲ್ಲದೆ ತನಿಖೆ ಮಾಡುವಂತಿರಲಿಲ್ಲ. ಆ ಅನುಮತಿಯನ್ನು ಕ್ರಮವಾಗಿ ಪಡೆದಿಲ್ಲವೆಂದು ಕರ್ನಾಟಕ ಹೈಕೋರ್ಟ್ 87ನೇ ಕಲಮಿನ ಎಷ್ಟೋ ಕೇಸುಗಳನ್ನು ರದ್ದುಮಾಡಿದೆ. ಬೆಂಗಳೂರು, ಧಾರವಾಡ, ಕಲಬುರಗಿಯವರೆಗೆ ಹೋಗಿ ವಕೀಲರನ್ನಿಟ್ಟವರು ಅಚ್ಚ ಬಿಳಿ ಹಾಳೆಯೊಂದಿಗೆ ಮರಳಿದರು. ಅದೇ ಜಮಖಾನದ ಮೇಲೆ ಕೂತು, ತಪ್ಪಾಯ್ತು ಅಂದವನ ಹಾಳೆಯ ಮೇಲೆ ಗೆರೆ ಉಳಿಯಿತು.

2025ರ ಆರಂಭ, ಮಾಗಡಿ. ಕೋಟೆ ಮೈದಾನದ ಹತ್ತಿರದ ಜೆರಾಕ್ಸ್ ಅಂಗಡಿಯಲ್ಲಿ ಅಣ್ಣ ಒಂದು ನಮೂನೆ ಹಿಡಿದು ನಿಂತಿದ್ದಾನೆ. ಕೇಂದ್ರ ಸಶಸ್ತ್ರ ಪಡೆಗಳ ಕಾನ್‌ಸ್ಟೆಬಲ್ ಪರೀಕ್ಷೆ 2024ರಿಂದ ಕನ್ನಡದಲ್ಲೂ ನಡೆಯತೊಡಗಿತು. ಅಣ್ಣ ಕನ್ನಡದಲ್ಲೇ ಬರೆದ, ಮಾಗಡಿಯ ಗೆಳೆಯನೊಬ್ಬನ ಜೊತೆ ಬೆಳಗಿನ ಜಾವ ಓಡಿ ಓಡಿ ದೈಹಿಕ ಪರೀಕ್ಷೆಯನ್ನೂ ಗೆದ್ದ. ಈಗ ಉಳಿದಿರುವುದು ದೃಢೀಕರಣ ನಮೂನೆ. ನೀವು ಅವನ ಭುಜದ ಮೇಲಿಂದ ಓದಬಹುದು. ಸುಳ್ಳು ಹೇಳಿದರೆ ಅಥವಾ ಮುಚ್ಚಿಟ್ಟರೆ ಕೆಲಸಕ್ಕೆ ಅನರ್ಹ ಎಂಬ ಎಚ್ಚರಿಕೆ ಮೇಲೆಯೇ ಇದೆ. ಕೆಳಗೆ ಪ್ರಶ್ನೆಗಳ ಸಾಲು: ಎಂದಾದರೂ ಬಂಧನವಾಗಿತ್ತೆ? ಮೊಕದ್ದಮೆ ನಡೆದಿತ್ತೆ? ನ್ಯಾಯಾಲಯ ದಂಡ ವಿಧಿಸಿತ್ತೆ? ಶಿಕ್ಷೆಯಾಗಿತ್ತೆ?

ಗೆಳೆಯನ ಮೇಲೂ ಒಂದು ಹಳೆಯ ಕೇಸಿದೆ. ತಿರುಮಲೆ ರಂಗನಾಥಸ್ವಾಮಿ ಜಾತ್ರೆಯಲ್ಲಿ ತಳ್ಳಾಟ ಹೊಡೆದಾಟವಾಗಿ, ಎದುರಿನವನ ತುಟಿ ಒಡೆದಿದ್ದ. ಇಸ್ಪೀಟಿಗಿಂತ ದೊಡ್ಡ ತಪ್ಪು ಅದು, ಮೈಗೆ ಪೆಟ್ಟಾದ ಕೇಸು. ಆದರೆ ಪೆಟ್ಟು ತಿಂದವನು ನ್ಯಾಯಾಲಯದಲ್ಲಿ ರಾಜಿಗೆ ಒಪ್ಪಿದ. ಅಂಥ ರಾಜಿಗೆ ಕಾನೂನಿನಲ್ಲಿ ಖುಲಾಸೆಯ ಬೆಲೆ. ಗೆಳೆಯ "ಖುಲಾಸೆ" ಎಂದು ನೆಮ್ಮದಿಯಾಗಿ ಬರೆಯುತ್ತಾನೆ. ಅಣ್ಣನ ಪೆನ್ನು ನಿಂತಿದೆ. ಇಸ್ಪೀಟು ಆಟದಲ್ಲಿ ರಾಜಿಯಾಗಲು ಎದುರಿಗೆ ಪೆಟ್ಟು ತಿಂದವರೇ ಇಲ್ಲವಲ್ಲ.

"ಇಲ್ಲ ಅಂತ ಬರ್ದುಬುಡು ಕಣ್ಲಾ, ಆರು ವರ್ಷ ಆಯ್ತು, ಯಾರ್ ನೋಡ್ತಾರೆ?" ಅನ್ನುತ್ತಾನೆ ಅಂಗಡಿಯವನು. ದಯವಿಟ್ಟು ಆ ಮಾತು ಕೇಳಬೇಡಿ. ಠಾಣೆಯ ಕಂಪ್ಯೂಟರು ನೋಡುತ್ತದೆ. ನ್ಯಾಯಾಲಯಗಳ ಜಾಲತಾಣದಲ್ಲಿ ಕಕ್ಷಿದಾರರ ಹೆಸರು ಒತ್ತಿ ಯಾರು ಬೇಕಾದರೂ ಹುಡುಕಬಹುದು. 2016ರ ಅವತಾರ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದರ ಸಾರ ಇಷ್ಟು: ಕೇಳಿದ್ದಕ್ಕೆ ನಿಜ ಹೇಳಬೇಕು, ಹರೆಯದಲ್ಲಿ ಘೋಷಣೆ ಕೂಗಿದಂಥ ಕ್ಷುಲ್ಲಕ ತಪ್ಪಾಗಿದ್ದರೆ ಇಲಾಖೆ ಅದನ್ನು ಮನ್ನಿಸಬಹುದು. ಮನ್ನಿಸಬಹುದು, ಮನ್ನಿಸಲೇಬೇಕು ಎಂದಲ್ಲ. ಐದು ವರ್ಷ ಮೊದಲು, 2011ರಲ್ಲಿ, ದಿಲ್ಲಿ ಪೊಲೀಸ್ ಕೆಲಸಕ್ಕೆ ಅರ್ಜಿ ಹಾಕಿದ್ದ ಯುವಕನೊಬ್ಬನ ಪ್ರಕರಣದಲ್ಲಿ ನ್ಯಾಯಮೂರ್ತಿ ಮಾರ್ಕಂಡೇಯ ಕಾಟ್ಜು ಅವರಿದ್ದ ಪೀಠ ವಿಕ್ಟರ್ ಹ್ಯೂಗೊನ ಜೀನ್ ವಾಲ್ಜೀನನನ್ನು ನೆನೆದಿತ್ತು, ರೊಟ್ಟಿ ಕದ್ದು ಬದುಕಿಡೀ ಕಳ್ಳನೆನಿಸಿಕೊಂಡವನನ್ನು. ಹರೆಯದ ಸಣ್ಣ ತಪ್ಪಿಗೆ ಜೀವಮಾನದ ಹಣೆಪಟ್ಟಿ ಬೇಡ ಎಂಬುದು ಆ ತೀರ್ಪಿನ ಧಾಟಿ. ಒಳ್ಳೆಯ ತೀರ್ಪುಗಳು. ಆದರೆ ಅಲ್ಲಿವರೆಗೆ ಹೋಗಲು ದಿಲ್ಲಿಗೆ ಎಷ್ಟು ಸಲ ರೈಲು ಹತ್ತಬೇಕು?

ವಿಚಿತ್ರವೆಂದರೆ, ಅಣ್ಣ ಪರದೇಶಕ್ಕೆ ಹೋಗುತ್ತೇನೆಂದರೆ ಈ ದಂಡ ಅಡ್ಡ ಬರುವುದಿಲ್ಲ. ಪಾಸ್‌ಪೋರ್ಟ್ ಕಾಯ್ದೆ 1967 ಲೆಕ್ಕಕ್ಕೆ ಹಿಡಿಯುವುದು ಹಿಂದಿನ ಐದು ವರ್ಷದಲ್ಲಿ, ನೈತಿಕ ಅಧಃಪತನದ ಅಪರಾಧಕ್ಕೆ, ಎರಡು ವರ್ಷಕ್ಕೆ ಕಡಿಮೆಯಿಲ್ಲದ ಸಜೆಯಾಗಿದ್ದರೆ ಮಾತ್ರ. ದೇಶ ಬಿಟ್ಟು ಹೋಗಲು ಯೋಗ್ಯ, ದೇಶದ ಗಡಿ ಕಾಯಲು ಅನುಮಾನಾಸ್ಪದ.

ತಮ್ಮ ಇದೇ ವರ್ಷ ಬಿಡದಿಯ ಕಾರ್ಖಾನೆಯೊಂದಕ್ಕೆ ಸೇರಲು ಸೇವಾ ಸಿಂಧುವಿನಲ್ಲಿ ಪೊಲೀಸ್ ಪರಿಶೀಲನಾ ಪತ್ರಕ್ಕೆ ಅರ್ಜಿ ಹಾಕುತ್ತಾನೆ. ಠಾಣೆಯಲ್ಲಿ ಹಳಬರೊಬ್ಬರು ಮುಖ ನೋಡಿ, "ನೀನು ಕೆರೆ ಏರಿ ಕೇಸಿನೋನಲ್ವೇನಯ್ಯ?" ಎಂದು ಕೇಳುತ್ತಾರೆ. ನೆನಪನ್ನು ನಾಶಪಡಿಸಲು ಯಾವ ಮಂಡಳಿಗೂ ಅಧಿಕಾರವಿಲ್ಲ. ಆದರೆ ಅವರು ಅದನ್ನು ಬರೆಯುವಂತಿಲ್ಲ, ಬರೆಯುವುದೂ ಇಲ್ಲ. ಪತ್ರ ಕೈಗೆ ಬರುತ್ತದೆ. 2019ರಲ್ಲಿ ಸುಪ್ರೀಂ ಕೋರ್ಟ್, ಸಿಐಎಸ್‌ಎಫ್‌ಗೆ ಆಯ್ಕೆಯಾಗಿದ್ದ ಯುವಕನೊಬ್ಬನ ಪ್ರಕರಣದಲ್ಲಿ ಇದನ್ನೇ ಖಚಿತಪಡಿಸಿದೆ: ಬಾಲಕನಾಗಿದ್ದಾಗ ಶಿಕ್ಷೆಯೇ ಆಗಿದ್ದರೂ ಅದನ್ನು ನೆಪ ಮಾಡಿ ಕೆಲಸ ತಪ್ಪಿಸುವಂತಿಲ್ಲ.

ಹೀಗೆ, ಒಂದೇ ಜಮಖಾನ, ಒಂದೇ ಆಟ. ಆರು ತಿಂಗಳು ಮೊದಲು ಹುಟ್ಟಿದ್ದಷ್ಟೇ ಅಣ್ಣನ ಹೆಚ್ಚುವರಿ ಅಪರಾಧ.

ಕನಕಪುರದ ಕಲ್ಲಿನ ಕೇಸುಗಳ ಸುದ್ದಿ ಉಳಿದಿತ್ತಲ್ಲ. 2025ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಸಚಿವ ಸಂಪುಟ 60 ಕ್ರಿಮಿನಲ್ ಪ್ರಕರಣಗಳನ್ನು ಹಿಂಪಡೆಯಲು ತೀರ್ಮಾನಿಸಿತು. ರೈತರ, ಕನ್ನಡಪರ ಹೋರಾಟಗಾರರ ಮೇಲಿನವು ಅದರಲ್ಲಿದ್ದವು; 2019ರ ಆ ಬಂಧನದ ಮರುದಿನಗಳ ಗಲಾಟೆಯವೂ ಇದ್ದವೆಂದು ಪತ್ರಿಕೆಗಳು ಬರೆದವು. ಅದಕ್ಕೆ ಕೆಲವೇ ತಿಂಗಳ ಹಿಂದೆ, ಮೇ ಕೊನೆಯಲ್ಲಿ, ಇದೇ ಬಗೆಯ 43 ಪ್ರಕರಣಗಳನ್ನು ಹಿಂಪಡೆದ ಸರ್ಕಾರಿ ಆದೇಶವನ್ನು ಹೈಕೋರ್ಟ್ ರದ್ದುಮಾಡಿತ್ತು. ಕೇಸು ಹಿಂಪಡೆಯಲು ಸರ್ಕಾರ ಬಯಸಿದರೂ ಕೊನೆಯ ಒಪ್ಪಿಗೆ ನ್ಯಾಯಾಲಯದ್ದು. ಇರಲಿ. ಆ ಯುವಕರ ಮೇಲೆ ನನಗೆ ಹೊಟ್ಟೆಕಿಚ್ಚಿಲ್ಲ. ಇಪ್ಪತ್ತರ ಬಿಸಿರಕ್ತದಲ್ಲಿ ಬಸ್ಸಿಗೆ ಕಲ್ಲೆಸೆದವನೂ ಮೂವತ್ತರ ಹೊತ್ತಿಗೆ ಅದೇ ಬಸ್ಸಿನಲ್ಲಿ ಮಗಳನ್ನು ಶಾಲೆಗೆ ಕಳಿಸುವ ತಂದೆಯಾಗಿರುತ್ತಾನೆ. ಅವರಿಗೂ ಹೊಸ ಬದುಕು ಬೇಕು. ಆದರೆ ನಾಯಕರಿಗಾಗಿ ಬೀದಿಗಿಳಿದವನ ಕೇಸು ಸಂಪುಟದ ಮೇಜಿಗೆ ಹೋಗುತ್ತದೆ, ಹೊಸತೊಡಕಿನ ಎಲೆಯಾಟದ ಕೇಸು ಎಲ್ಲಿಗೂ ಹೋಗುವುದಿಲ್ಲ. ಜೊತೆಗೆ, ಹಿಂಪಡೆಯಲು ಕೇಸು ಬಾಕಿಯಿರಬೇಕು. ಮರ್ಯಾದೆಯಾಗಿ ತಪ್ಪೊಪ್ಪಿ ದಂಡ ಕಟ್ಟಿ ಮುಗಿಸಿಕೊಂಡವನಿಗೆ ಹಿಂಪಡೆಯಲು ಏನೂ ಉಳಿದಿಲ್ಲ.

ಬೇರೆ ಕಡೆ ಇದಕ್ಕೆ ನೇರ ದಾರಿ ಮಾಡಿಕೊಂಡಿದ್ದಾರೆ. ಇಂಗ್ಲೆಂಡಿನಲ್ಲಿ 1974ರಿಂದ ಒಂದು ಕಾಯ್ದೆ ಇದೆ. ಈಗಿನ ಅದರ ರೂಪದಲ್ಲಿ ಬರೀ ದಂಡ ಬಿದ್ದ ವಯಸ್ಕನ ಶಿಕ್ಷೆ ಒಂದು ವರ್ಷಕ್ಕೆ ಸವೆದುಹೋದಂತೆ, ಹದಿನೆಂಟರ ಒಳಗಿನವನದು ಆರು ತಿಂಗಳಿಗೆ. ಆಮೇಲೆ ಸಾಮಾನ್ಯ ಕೆಲಸದ ಅರ್ಜಿಯಲ್ಲಿ ಅದನ್ನು ಹೇಳಬೇಕಾಗಿಲ್ಲ. ನಮ್ಮಲ್ಲಿ ವಯಸ್ಕರಿಗೆ ಇಂಥ ಸಾಮಾನ್ಯ ಕಾನೂನು ಇಲ್ಲ. ಈ ಜಿಲ್ಲೆಯಲ್ಲಿ ಹಳೆಯದನ್ನು ಅಳಿಸಿ ಹೊಸದು ಬರೆಯುವುದು ಕಷ್ಟವೇನಲ್ಲ ಎಂಬುದಕ್ಕೆ ಊರಿನ ಹೆಸರೇ ಸಾಕ್ಷಿ: ಶಂಸೇರಾಬಾದ್ ಹೋಗಿ ಕ್ಲೋಸ್‌ಪೇಟೆ ಬಂತು, ಕ್ಲೋಸ್‌ಪೇಟೆ ಹೋಗಿ ರಾಮನಗರ ಬಂತು, 2007ರಲ್ಲಿ ಜಿಲ್ಲೆಯಾಯಿತು, 2025ರಲ್ಲಿ ಜಿಲ್ಲೆಯ ಹೆಸರು ಬೆಂಗಳೂರು ದಕ್ಷಿಣವಾಯಿತು.

ಪಾರ್ಲಿಮೆಂಟಿಗೆ ಕಾಯಬೇಕಾದ ಕೆಲಸವೂ ಇದಲ್ಲ. ಅಣ್ಣನ ಮೇಲೆ ಬಿದ್ದ ಕಾಯ್ದೆ ದಿಲ್ಲಿಯದಲ್ಲ, ನಮ್ಮದೇ. ಜೂಜಿನ ಶಿಕ್ಷೆ ಬಿಗಿ ಮಾಡಲು ವಿಧಾನಮಂಡಲ 2021ರಲ್ಲಿ ಅದನ್ನು ತಿದ್ದಿತು. ಇಪ್ಪತ್ತೈದರ ಒಳಗೆ, ಮೊದಲ ಸಲ, ಬರೀ ದಂಡದಲ್ಲಿ ಮುಗಿದ ಶಿಕ್ಷೆ ಮೂರು ವರ್ಷದ ನಂತರ ಯಾವ ಅರ್ಜಿಗೂ, ಯಾವ ಪರಿಶೀಲನೆಗೂ ಲೆಕ್ಕಕ್ಕಿಲ್ಲ ಎಂಬ ಒಂದು ಕಲಂ ಸೇರಿಸಲು ಅದೇ ವಿಧಾನಮಂಡಲ ಸಾಕು. ಕೆಂಗಲ್ ಹನುಮಂತಯ್ಯ, ರಾಮಕೃಷ್ಣ ಹೆಗಡೆ, ಎಚ್.ಡಿ. ದೇವೇಗೌಡ, ಎಚ್.ಡಿ. ಕುಮಾರಸ್ವಾಮಿ, ಈ ಮಣ್ಣಿನ ಕ್ಷೇತ್ರಗಳಿಂದ ಗೆದ್ದ ನಾಲ್ವರು ಮುಖ್ಯಮಂತ್ರಿಗಳಾದರು. ಈಗ ಈ ನಾಲ್ಕು ತಾಲ್ಲೂಕುಗಳಿಂದ ವಿಧಾನಸೌಧಕ್ಕೆ ಹೋಗುತ್ತಿರುವವರು ಆ ಕಲಮನ್ನು ಬರೆಸಿಕೊಡಲಿ. ಅಲ್ಲಿಯವರೆಗೆ, ನಿಮ್ಮ ಮನೆಯ ಹುಡುಗ ವಾಯಿದೆಗೆ ಹೊರಟಿದ್ದರೆ, ತಪ್ಪಾಯ್ತು ಎನ್ನುವ ಮೊದಲು 15100ಕ್ಕೆ ಫೋನ್ ಮಾಡಿ ಕಾನೂನು ಸೇವಾ ಪ್ರಾಧಿಕಾರದ ವಕೀಲರನ್ನು ಕೇಳಿ. ಪ್ರೊಬೇಷನ್ ಕಾಯ್ದೆಯ 3ನೇ ಕಲಮಿನಡಿ ಬಿಡಲು ಪ್ರಾರ್ಥಿಸಿ ಎಂದು ಅವರಿಗೆ ಹೇಳಿ. ಹದಿನೆಂಟರ ಒಳಗಿನವನಾಗಿದ್ದರೆ, ದಾಖಲೆ ನಾಶದ ಆದೇಶದ ಪ್ರತಿಯನ್ನು ಮಂಡಳಿಯಿಂದ ಕೇಳಿ ಪಡೆದು, ಅಂಕಪಟ್ಟಿ ಇಡುವ ಕವರಿನಲ್ಲೇ ಇಡಿ.